ತಂಡದ ಗುಟ್ಟಿನ ಆದೇಶ: ಅನುಮಾನಕ್ಕೆ ಆಧಾರವನ್ನು ಎಲ್ಲಿ ಹುಡುಕಬೇಕು?

ಪಿಟ್‌ಗೋಡೆ:

ಫಾರ್ಮುಲಾ ಒನ್ ಕಾರು ಓಟದಲ್ಲಿ ಒಂದೇ ತಂಡದ ಎರಡು ಕಾರುಗಳು ಹಿಂದೆಮುಂದೆ ಓಡುತ್ತಿರುವಾಗ ಮುಂದಿನ ಕಾರು ಒಂದು ಸುತ್ತಿನಲ್ಲಿ ಅರ್ಧ ಸೆಕೆಂಡು ಹಿಂದೆ ಬಿದ್ದರೆ ಸಾಕು, "ಮೇಲಿನಿಂದ ಆದೇಶ ಬಂದಿದೆ" ಎಂಬ ಮಾತು ಶುರುವಾಗುತ್ತದೆ. ಈ ಅನುಮಾನವನ್ನು ಅಭಿಮಾನಿಗಳ ಹುಚ್ಚು ಎಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಹಾಗೆ ತಳ್ಳಿಹಾಕಿದ ಅನುಮಾನಗಳಲ್ಲಿ ಕೆಲವು ನಿಜವೆಂದು ಮುಂದೆ ಸಾಬೀತಾಗಿವೆ. ಆದರೆ ನಾವು ಹುಡುಕುತ್ತಿರುವ ಜಾಗ ಸರಿಯಿಲ್ಲ ಎಂಬುದು ನನ್ನ ವಾದ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದನೇ ಎಂದು ನಾವು ಕಣ್ಣಿಟ್ಟು ನೋಡುತ್ತೇವೆ. ಗುಟ್ಟಾಗಿ ಫಲಿತಾಂಶ ತಿದ್ದಬೇಕೆಂದಿರುವ ತಂಡಕ್ಕೆ ಚಾಲಕನ ಕಾಲಿನ ಸಹಾಯವೇ ಬೇಕಿಲ್ಲ. ಯಾರನ್ನು ಯಾವ ಸುತ್ತಿನಲ್ಲಿ ಪಿಟ್‌ಗೆ, ಅಂದರೆ ಓಟದ ನಡುವೆ ಟೈರು ಬದಲಿಸುವ ಜಾಗಕ್ಕೆ, ಕರೆಯಬೇಕು, ಯಾರಿಗೆ ಯಾವ ಟೈರು ಕೊಡಬೇಕು, ಯಾರಿಗೆ ಇಂಜಿನ್ನನ್ನು ಪೂರ್ತಿ ಬಳಸಲು ಬಿಡಬೇಕು ಎಂಬ ಮೂರು ತೀರ್ಮಾನಗಳು ಅದರ ಕೈಯಲ್ಲಿದ್ದರೆ ಸಾಕು.

2002ರ ಆಸ್ಟ್ರಿಯಾ ಗ್ರಾಂಪ್ರಿಯನ್ನು ಎಲ್ಲರೂ ಉದಾಹರಿಸುತ್ತಾರೆ. ಓಟದುದ್ದಕ್ಕೂ ಹಿಡಿತ ಸಾಧಿಸಿದ್ದ ಫೆರಾರಿ ತಂಡದ ರೂಬೆನ್ಸ್ ಬ್ಯಾರಿಕೆಲ್ಲೊ ಕೊನೆಯ ಸುತ್ತಿನ ಕೊನೆಯ ನೇರದಲ್ಲಿ, ಗುರಿಗೆರೆ ಕಣ್ಣಿಗೆ ಬಿದ್ದ ಮೇಲೆ ಕಾರನ್ನು ನಿಧಾನಿಸಿ ಜೊತೆಗಾರ ಮೈಕೆಲ್ ಶೂಮಾಕರ್‌ಗೆ ಗೆಲುವನ್ನು ಬಿಟ್ಟುಕೊಟ್ಟರು. ಅಂತರ 0.182 ಸೆಕೆಂಡು. ಪ್ರೇಕ್ಷಕರು ಛೀಮಾರಿ ಹಾಕಿದರು, ಶೂಮಾಕರ್ ತನ್ನ ಜೊತೆಗಾರನನ್ನು ಪೋಡಿಯಂನ ಮೇಲಿನ ಮೆಟ್ಟಿಲಿಗೆ ಹತ್ತಿಸಿದರು. ಫೆರಾರಿಗೆ 10 ಲಕ್ಷ ಡಾಲರ್ ದಂಡ ಬಿದ್ದದ್ದು ಆದೇಶ ಕೊಟ್ಟಿದ್ದಕ್ಕಲ್ಲ, ಪೋಡಿಯಂನ ಶಿಷ್ಟಾಚಾರ ಮುರಿದಿದ್ದಕ್ಕೆ; ಅದರಲ್ಲೂ ಅರ್ಧವನ್ನು ಅಮಾನತಿನಲ್ಲಿಡಲಾಯಿತು. ಆಗ ಆದೇಶ ಕೊಡುವುದು ನಿಯಮಬಾಹಿರವೇ ಆಗಿರಲಿಲ್ಲ. ಅದು ಅಸಹ್ಯ ಹುಟ್ಟಿಸಿತು ನಿಜ, ಆದರೆ ಗುಟ್ಟು ಎನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮೈದಾನದಲ್ಲಿದ್ದ ಪ್ರತಿಯೊಬ್ಬರೂ ಅದನ್ನು ಕಂಡರು.

ಗುಟ್ಟು ಹುಟ್ಟಿದ್ದು ಅದರ ನಂತರ. ಓಟದ ಫಲಿತಾಂಶವನ್ನು ಬದಲಿಸುವಂಥ ತಂಡದ ಆದೇಶವನ್ನು 2003ರಿಂದ ನಿಷೇಧಿಸಲಾಯಿತು. ನಿಷೇಧ ಜಾರಿಯಲ್ಲಿದ್ದ ಎಂಟು ವರ್ಷಗಳಲ್ಲಿ ತಂಡಗಳು ಆದೇಶ ಕೊಡುವುದನ್ನು ಬಿಡಲಿಲ್ಲ, ಆದೇಶದಂತೆ ಕೇಳಿಸದ ಮಾತನ್ನು ಆಡುವುದನ್ನು ಕಲಿತವು. 2010ರ ಜರ್ಮನಿ ಗ್ರಾಂಪ್ರಿ ಹಾಕನ್‌ಹೈಮ್‌ನಲ್ಲಿ ನಡೆಯಿತು. ಫೆರಾರಿಯ ಫೆಲಿಪೆ ಮಾಸಾ ಸಾವಿನ ದವಡೆಯಿಂದ ಪಾರಾದ ಅಪಘಾತಕ್ಕೆ ಅಂದಿಗೆ ಸರಿಯಾಗಿ ಒಂದು ವರ್ಷ ತುಂಬಿತ್ತು, ಮತ್ತು ಅವರು ಮುಂದಿದ್ದರು. ಅವರ ಇಂಜಿನಿಯರ್ ರಾಬ್ ಸ್ಮೆಡ್ಲಿ ಪದಪದವನ್ನೂ ಬಿಡಿಸಿ ಹೇಳಿದರು: "ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ. ಈ ಸಂದೇಶ ಅರ್ಥವಾಯಿತೆಂದು ಖಚಿತಪಡಿಸುತ್ತೀಯಾ?" 49ನೇ ಸುತ್ತಿನಲ್ಲಿ, ಹೇರ್‌ಪಿನ್ ತಿರುವಿನಿಂದ ಹೊರಬರುವಾಗ, ಮಾಸಾರ ಕಾರು ವೇಗ ಹೆಚ್ಚಿಸಿಕೊಳ್ಳಲೇ ಇಲ್ಲ, ಜೊತೆಗಾರ ಫರ್ನಾಂಡೊ ಅಲೊನ್ಸೊ ಪಕ್ಕದಿಂದ ಸಾಗಿಹೋದರು. ಆಮೇಲೆ ಸ್ಮೆಡ್ಲಿ "ಕ್ಷಮಿಸು" ಎಂದದ್ದು ಜಗತ್ತಿಗೆಲ್ಲ ಕೇಳಿಸಿತು. ಓಟದ ತೀರ್ಪುಗಾರರಾದ ಸ್ಟೀವರ್ಡ್‌ಗಳು ಒಂದು ಲಕ್ಷ ಡಾಲರ್ ದಂಡ ಹಾಕಿದರು, ಫಲಿತಾಂಶವನ್ನು ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ಈ ಓಟಗಳನ್ನು ನಿಯಂತ್ರಿಸುವ ಎಫ್‌ಐಎ ಸಂಸ್ಥೆಯ ವಿಶ್ವ ಮಂಡಳಿಯೂ ಹೆಚ್ಚಿನ ಶಿಕ್ಷೆ ಕೊಡಲಿಲ್ಲ. 2011ರಿಂದ ನಿಷೇಧವನ್ನೇ ತೆಗೆದುಹಾಕಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಸ್ಮೆಡ್ಲಿಯವರ ಆ ವಾಕ್ಯ ಬಯಲಾದದ್ದು ಅವರ ದನಿಯಿಂದಾಗಿ ಎಂಬುದು. ಅವರು ಅದನ್ನು ಮಾಮೂಲಿ ಮಾಹಿತಿಯಂತೆ ಹೇಳಿದ್ದರೆ, ಮಾಸಾ ಎರಡು ಸುತ್ತು ಕಾದು ಬ್ರೇಕು ಹಾಕುವುದರಲ್ಲಿ ಸ್ವಲ್ಪ ತಡಮಾಡಿ ಅಗಲವಾಗಿ ಹೋಗಿದ್ದರೆ, ನಮಗೆ ಅನುಮಾನ ಬರುತ್ತಿತ್ತೇ ಹೊರತು ಸಾಕ್ಷ್ಯ ಸಿಗುತ್ತಿರಲಿಲ್ಲ. ರೇಡಿಯೊದಲ್ಲಿ ಕೇಳಿಸುವುದು ತಂಡದ ಮಾತಿನ ಒಂದು ತುಣುಕು ಮಾತ್ರ. ಪಿಟ್ ಗೋಡೆಯ ಮೇಲೆ ಕುಳಿತವರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಇಂಟರ್‌ಕಾಮ್ ನಮಗೆ ಕೇಳಿಸುವುದೇ ಇಲ್ಲ. ತೀರ್ಮಾನ ಆಗುವುದು ಅಲ್ಲಿ. ಚಾಲಕನಿಗೆ ತಲುಪುವುದು "ಈ ಸುತ್ತಿನಲ್ಲಿ ಒಳಗೆ ಬಾ" ಎಂಬ ಒಂದು ಮಾತಷ್ಟೆ, ಮತ್ತು ತಾನು ಯಾರ ಲಾಭಕ್ಕಾಗಿ ಒಳಗೆ ಬರುತ್ತಿದ್ದೇನೆಂದು ಅವನಿಗೂ ಗೊತ್ತಿರಬೇಕೆಂದಿಲ್ಲ.

ಆದೇಶ ಕೊಡುವುದು ಇಂದು ನಿಯಮಬದ್ಧವಾಗಿದೆ. ಅದನ್ನು ಮುಚ್ಚಿಟ್ಟು, ಗೆದ್ದವನು ಸ್ವಂತ ಬಲದಿಂದ ಗೆದ್ದನೆಂದು ತೋರಿಸುವುದು ನನ್ನ ಮಟ್ಟಿಗೆ ಮೋಸ. ಇದನ್ನು ಹಿಡಿಯುವ ದಾರಿ ಇದೆಯೇ ಎಂಬುದನ್ನು ಇಲ್ಲಿ ಚರ್ಚಿಸೋಣ.

ಹಳದಿ ಬಾವುಟ:

ಪಿಟ್‌ಗೋಡೆಯವರೇ, ನಿಮ್ಮ ವಾದದ ದಿಕ್ಕನ್ನು ಒಪ್ಪುತ್ತೇನೆ. ಆದರೆ ಪಿಟ್ ತೀರ್ಮಾನಗಳಲ್ಲಿ ಅನುಮಾನ ಹುಡುಕಲು ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲ ಎಂಬ ಆತಂಕ ನನ್ನದು. ಟೈರು ಸವೆದಿರಬಹುದು, ಬ್ರೇಕು ಕಾದಿರಬಹುದು, ಇಂಧನದ ಲೆಕ್ಕ ತಪ್ಪಿರಬಹುದು, ಮುಂದಿನ ಕಾರಿನ ಹಿಂದಿರುವ ಕದಡಿದ ಗಾಳಿಯಲ್ಲಿ ಸಿಕ್ಕಿ ಮುಂಭಾಗದ ಹಿಡಿತ ಹೋಗಿರಬಹುದು. ಮನೆಯಲ್ಲಿ ಕುಳಿತು ಲ್ಯಾಪ್ ಸಮಯ ಓದುವ ನಮಗೆ ಇವುಗಳಲ್ಲಿ ಒಂದೂ ಕಾಣಿಸುವುದಿಲ್ಲ.

2016ರ ಮಲೇಷ್ಯಾವನ್ನು ನೆನಪಿಸಿಕೊಳ್ಳಿ. ಆ ವರ್ಷದ ಆರಂಭದಲ್ಲಿ ಮರ್ಸಿಡಿಸ್ ತಂಡ ಹ್ಯಾಮಿಲ್ಟನ್ ಮತ್ತು ರೋಸ್‌ಬರ್ಗ್ ಅವರ ಕಾರುಗಳ ನಡುವೆ ಕೆಲವು ಮೆಕ್ಯಾನಿಕ್‌ಗಳನ್ನು ಅದಲುಬದಲು ಮಾಡಿತ್ತು. ಸೆಪಾಂಗ್‌ನಲ್ಲಿ ಮುಂದಿದ್ದ ಹ್ಯಾಮಿಲ್ಟನ್‌ರ ಇಂಜಿನ್ ಬೆಂಕಿ ಉಗುಳಿ ನಿಂತಾಗ, ಮರ್ಸಿಡಿಸ್ ಇಂಜಿನ್ ಬಳಸುವ ಇಷ್ಟೊಂದು ಚಾಲಕರಲ್ಲಿ ತನ್ನದು ಮಾತ್ರ ಏಕೆ ಕೈಕೊಡುತ್ತಿದೆ ಎಂದು ಅವರೇ ಬಹಿರಂಗವಾಗಿ ಕೇಳಿದರು. ರೋಸ್‌ಬರ್ಗ್ ಐದು ಅಂಕಗಳಿಂದ ಚಾಂಪಿಯನ್ ಆದ ಮೇಲಂತೂ ಆ ಎರಡು ಸಂಗತಿಗಳನ್ನು ಜೋಡಿಸಿ ಕತೆ ಕಟ್ಟಿದವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ಆ ಓಟವನ್ನು ಗೆದ್ದವರು ಯಾರು? ರೆಡ್ ಬುಲ್‌ನ ಡೇನಿಯಲ್ ರಿಕಿಯಾರ್ಡೊ. ರೋಸ್‌ಬರ್ಗ್ ಮೊದಲ ತಿರುವಿನಲ್ಲೇ ಬೇರೆಯವರ ಡಿಕ್ಕಿಗೆ ಸಿಕ್ಕಿ ಹಿಂದೆ ಬಿದ್ದಿದ್ದರು. ಕೈಗೆ ಬಂದ ಗೆಲುವನ್ನು ಎದುರಾಳಿಗೆ ಒಪ್ಪಿಸಿ, ಕೋಟಿಗಟ್ಟಲೆ ಬೆಲೆಯ ಇಂಜಿನ್ನನ್ನು ತಾನೇ ಸುಟ್ಟುಕೊಂಡು, ಅದೇ ಇಂಜಿನ್ನನ್ನು ಮಾರುವ ಕಂಪನಿ ಜಗತ್ತಿನ ಮುಂದೆ ತನ್ನ ಹೆಸರನ್ನು ಕೆಡಿಸಿಕೊಳ್ಳುತ್ತದೆಂದು ನಂಬುವುದು ಕಷ್ಟ.

ಇನ್ನೊಂದು, 2010ರ ಟರ್ಕಿ. ಮೆಕ್‌ಲಾರೆನ್‌ನ ಹ್ಯಾಮಿಲ್ಟನ್ ಮುಂದಿದ್ದರು, ಇಂಧನ ಉಳಿಸಲು ಹೇಳಲಾಯಿತು. ತಾನು ನಿಧಾನಿಸಿದರೆ ಜೊತೆಗಾರ ಜೆನ್ಸನ್ ಬಟನ್ ತನ್ನನ್ನು ದಾಟುತ್ತಾರೆಯೇ ಎಂದು ಅವರು ಕೇಳಿದರು, ಇಲ್ಲ ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲೇ ಬಟನ್ ದಾಟಿದರು. ಆದೇಶದ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಸಿಗುವುದಿಲ್ಲ. ಆದರೆ ಹ್ಯಾಮಿಲ್ಟನ್ ಮುಂದಿನ ತಿರುವುಗಳಲ್ಲೇ, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋಗಿ ಸ್ಥಾನವನ್ನು ವಾಪಸು ಪಡೆದು ಗೆದ್ದರು. ಆದೇಶವಿದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ. ಗೊಂದಲಕ್ಕೂ ಗುಟ್ಟಿಗೂ ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ಕಾಣಿಸುವುದಿಲ್ಲ. ಒಬ್ಬ ಚಾಲಕನ ಮೇಲೆ "ಬಿಟ್ಟುಕೊಟ್ಟವನು" ಎಂಬ ಹಣೆಪಟ್ಟಿ ಒಮ್ಮೆ ಅಂಟಿದರೆ ಅದು ಅವನ ಮುಂದಿನ ಒಪ್ಪಂದದವರೆಗೂ ಹಿಂಬಾಲಿಸುತ್ತದೆ. ಅನುಮಾನ ಪಡುವವರು ಆ ಹೊಣೆಯನ್ನೂ ಹೊರಬೇಕು.

ಕೊನೆಯ ತಿರುವು:

ನಿಷೇಧವಿದ್ದ ಕಾಲದಲ್ಲಿ ಹಾಕನ್‌ಹೈಮ್ ಬಿಟ್ಟರೆ ಬೇರೆ ಯಾರಿಗೂ ಶಿಕ್ಷೆ ಆಗಲೇ ಇಲ್ಲವೇ? ನಾನು ಈ ಆಟವನ್ನು ನೋಡಲು ಶುರುಮಾಡಿದ್ದು ಈಚೆಗೆ, ಹಾಗಾಗಿ ಕೇಳುತ್ತಿದ್ದೇನೆ.

ಪಿಟ್‌ಗೋಡೆ:

ಕೊನೆಯ ತಿರುವು ಅವರೇ, ಶಿಕ್ಷೆ ಆಗಲಿಲ್ಲ ಎನ್ನುವುದಕ್ಕಿಂತ ಹೆಚ್ಚಿನವು ಪ್ರಕರಣವೇ ಆಗಲಿಲ್ಲ. 2007ರ ಬ್ರೆಜಿಲ್ ಅದಕ್ಕೆ ಅತ್ಯುತ್ತಮ ಉದಾಹರಣೆ. ಮಾಸಾ ತಮ್ಮ ತವರಿನ ಇಂಟರ್‌ಲಾಗೋಸ್‌ನಲ್ಲಿ ಮೊದಲ ಸ್ಥಾನದಿಂದ ಹೊರಟು ಓಟವನ್ನು ಮುನ್ನಡೆಸುತ್ತಿದ್ದರು, ಆದರೆ ಫೆರಾರಿಯ ಇಬ್ಬರಲ್ಲಿ ಚಾಂಪಿಯನ್‌ಷಿಪ್‌ನ ಅವಕಾಶ ಉಳಿದಿದ್ದದ್ದು ಜೊತೆಗಾರ ಕಿಮಿ ರೈಕೊನೆನ್‌ಗೆ ಮಾತ್ರ. ಎರಡನೇ ಪಿಟ್ ಸರದಿಯಲ್ಲಿ ಮಾಸಾರನ್ನು ಮೊದಲು ಕರೆಯಲಾಯಿತು. ರೈಕೊನೆನ್ ಇಂಧನ ಕರಗಿ ಹಗುರವಾದ ಕಾರಿನಲ್ಲಿ ಇನ್ನೂ ಕೆಲವು ಸುತ್ತು ವೇಗವಾಗಿ ಓಡಿ, ತಮ್ಮ ಪಿಟ್ ಮುಗಿಸಿ ಹೊರಬಂದಾಗ ಮುಂದಿದ್ದರು. ಟ್ರ್ಯಾಕಿನ ಮೇಲೆ ಯಾರೂ ಯಾರಿಗೂ ದಾರಿ ಬಿಡಲಿಲ್ಲ, ರೇಡಿಯೊದಲ್ಲಿ ಒಂದು ಅಡ್ಡಮಾತೂ ಇಲ್ಲ. ರೈಕೊನೆನ್ 110 ಅಂಕಗಳಿಂದ ಚಾಂಪಿಯನ್ ಆದರು, ಹ್ಯಾಮಿಲ್ಟನ್ ಮತ್ತು ಅಲೊನ್ಸೊ ತಲಾ 109ರಲ್ಲಿ ನಿಂತರು. ಇದು ಆದೇಶವೇ? ಯಾವ ತಂಡವಾದರೂ ಅಲ್ಲಿ ಹಾಗೆಯೇ ಮಾಡುತ್ತಿತ್ತು, ಮತ್ತು ಯಾರೂ ದೂರು ಕೊಡಲಿಲ್ಲ. ಮರುವರ್ಷ ಚೀನಾದಲ್ಲಿ ರೈಕೊನೆನ್ ಆ ಋಣವನ್ನು ತೀರಿಸಿ ಮಾಸಾರಿಗೆ ಎರಡನೇ ಸ್ಥಾನ ಬಿಟ್ಟುಕೊಟ್ಟಾಗಲೂ ವಿಚಾರಣೆ ನಡೆಯಲಿಲ್ಲ.

2007ರಲ್ಲೇ ಮೊನಾಕೊ ನಂತರ, ಹ್ಯಾಮಿಲ್ಟನ್‌ರನ್ನು ಅಲೊನ್ಸೊ ಹಿಂದೆಯೇ ಇರಿಸಿತೆಂಬ ಅನುಮಾನದಿಂದ ಮೆಕ್‌ಲಾರೆನ್ ಮೇಲೆ ಎಫ್‌ಐಎ ವಿಚಾರಣೆ ನಡೆಸಿ, ಅದು ಆದೇಶವಲ್ಲ, ಓಟದ ತಂತ್ರ ಎಂದು ಬಿಟ್ಟುಬಿಟ್ಟಿತು. ತಂತ್ರ ಎಂಬ ಹೆಸರಿಟ್ಟರೆ ಕೇಳುವವರಿಲ್ಲ ಎಂಬುದು ಉಳಿದವರಿಗೂ ಅಲ್ಲಿ ಗೊತ್ತಾಯಿತು.

ಇನ್ನು 2008ರ ಸಿಂಗಪುರ. ಇದು ಆದೇಶದ ಎಲ್ಲೆಯನ್ನು ಮೀರಿದ ಅಪರಾಧ, ಆದರೆ ಹಳದಿ ಬಾವುಟ ಅವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. 15ನೇ ಸ್ಥಾನದಿಂದ ಹೊರಟ ಅಲೊನ್ಸೊ 12ನೇ ಸುತ್ತಿನಲ್ಲೇ ಪಿಟ್‌ಗೆ ಬಂದರು. ಆಗ ಪಿಟ್‌ನಲ್ಲಿ ಇಂಧನವನ್ನೂ ತುಂಬುತ್ತಿದ್ದರು; ಅಷ್ಟು ಹಿಂದಿನಿಂದ ಹೊರಟವನಿಗೆ ಅಷ್ಟು ಕಡಿಮೆ ಇಂಧನ ಕೊಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಅದಾದ ಕೂಡಲೇ ಅವರ ರೆನೊ ಜೊತೆಗಾರ ನೆಲ್ಸನ್ ಪಿಕೆ ಜೂನಿಯರ್ 17ನೇ ತಿರುವಿನ ಗೋಡೆಗೆ ಗುದ್ದಿದರು, ಅಪಘಾತವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಹೊರಬಂತು, ಇನ್ನೂ ಪಿಟ್‌ಗೆ ಬರದಿದ್ದ ಮುಂದಿನವರೆಲ್ಲ ತೊಂದರೆಗೆ ಸಿಲುಕಿದರು, ಅಲೊನ್ಸೊ ಗೆದ್ದರು. ಹಿಂಚಕ್ರ ಜಾರಿದಾಗ ಯಾವ ಚಾಲಕನಾದರೂ ಕಾಲು ತೆಗೆಯುವ ಜಾಗದಲ್ಲಿ ಪಿಕೆ ಒತ್ತುತ್ತಲೇ ಇದ್ದರೆಂದು ಟೆಲಿಮೆಟ್ರಿ, ಅಂದರೆ ಕಾರು ತಂಡಕ್ಕೆ ಕಳಿಸುವ ದತ್ತಾಂಶ, ತೋರಿಸುತ್ತಿತ್ತು. ಆ ದತ್ತಾಂಶ ಮೊದಲ ದಿನದಿಂದಲೇ ಇತ್ತು. ಅದಕ್ಕೆ ಅರ್ಥ ಬಂದದ್ದು 2009ರಲ್ಲಿ, ತಂಡ ಕೈಬಿಟ್ಟ ಮೇಲೆ ಪಿಕೆ ಬಾಯಿಬಿಟ್ಟಾಗ. ರೆನೊಗೆ ಅಮಾನತಿನಲ್ಲಿಟ್ಟ ಅನರ್ಹತೆ, ಫ್ಲಾವಿಯೊ ಬ್ರಿಯಾಟೋರೆಗೆ ಅನಿರ್ದಿಷ್ಟ ನಿಷೇಧ, ಪ್ಯಾಟ್ ಸೈಮಂಡ್ಸ್‌ಗೆ ಐದು ವರ್ಷ. ಆ ಎರಡು ನಿಷೇಧಗಳನ್ನು ಪ್ಯಾರಿಸ್‌ನ ನ್ಯಾಯಾಲಯ 2010ರ ಜನವರಿಯಲ್ಲಿ ರದ್ದು ಮಾಡಿತು. ಓಟದ ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ಆ ವರ್ಷ ಒಂದೇ ಅಂಕದಿಂದ ಪಟ್ಟ ಕಳೆದುಕೊಂಡ ಮಾಸಾ 2024ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಹೋದರು.

ನನ್ನ ಅಳತೆಗೋಲು ಇಷ್ಟೇ: ತನ್ನ ಇಬ್ಬರು ಚಾಲಕರಲ್ಲಿ ಯಾರು ಗೆದ್ದರೂ ಸರಿ ಎನ್ನುವ ತಂಡ ಈ ತೀರ್ಮಾನ ಮಾಡುತ್ತಿತ್ತೇ? ಮಲೇಷ್ಯಾದ ಇಂಜಿನ್ನಿನ ಮೇಲಿನ ಅನುಮಾನ ಈ ಪ್ರಶ್ನೆಯ ಮುಂದೆ ಉಳಿಯುವುದೇ ಇಲ್ಲ, ನೀವು ಹೇಳಿದ್ದು ಸರಿ. ಸಿಂಗಪುರದ 12ನೇ ಸುತ್ತಿನ ಪಿಟ್‌ನ ಮೇಲಿನ ಅನುಮಾನ ಉಳಿಯುತ್ತದೆ.

ಎರಡು ಚಕ್ರ:

ಚರ್ಚೆ ಕಾರುಗಳಲ್ಲೇ ಸುತ್ತುತ್ತಿದೆ, ಬೈಕುಗಳ ಕಡೆಯಿಂದ ಒಂದು ಸಂಗತಿ ಸೇರಿಸುತ್ತೇನೆ. ಮೋಟೋಜಿಪಿಯಲ್ಲಿ ತಂಡ ಸವಾರನೊಂದಿಗೆ ರೇಡಿಯೊದಲ್ಲಿ ಮಾತಾಡುವ ವ್ಯವಸ್ಥೆಯೇ 2017ರಲ್ಲಿ ಇರಲಿಲ್ಲ. ಪಿಟ್ ಬೋರ್ಡು ಮತ್ತು ಡ್ಯಾಷ್‌ಬೋರ್ಡಿನ ಮೇಲೆ ಮೂಡುವ ಚಿಕ್ಕ ಸಂದೇಶ, ಇವೆರಡೇ ದಾರಿ. 2017ರ ಸೆಪಾಂಗ್‌ನಲ್ಲಿ, ಮಳೆಯಲ್ಲಿ, ಡುಕಾಟಿಯ ಯೋರ್ಗೆ ಲೊರೆನ್ಸೊ ಮುಂದಿದ್ದರು. ಮಾರ್ಕ್ ಮಾರ್ಕೆಸ್ ವಿರುದ್ಧ ಚಾಂಪಿಯನ್‌ಷಿಪ್‌ಗಾಗಿ ಹೋರಾಡುತ್ತಿದ್ದ ಆಂಡ್ರಿಯಾ ಡೊವಿಜಿಯೊಸೊ ಹಿಂದಿದ್ದರು. ಲೊರೆನ್ಸೊರ ಪರದೆಯ ಮೇಲೆ "ಸೂಚಿತ ಮ್ಯಾಪಿಂಗ್: ಮ್ಯಾಪಿಂಗ್ 8" ಎಂಬ ಅಕ್ಷರಗಳು ಮೂಡಿದವು. ನೋಡುವವರಿಗೆ ಅದು ಇಂಜಿನ್ನಿನ ಹೊಂದಾಣಿಕೆಯ ಸಲಹೆ. ಕೆಲವು ಸುತ್ತಿನ ಬಳಿಕ ಲೊರೆನ್ಸೊ ಒಂದು ತಿರುವಿನಲ್ಲಿ ಅಗಲವಾಗಿ ಹೋದರು, ಡೊವಿಜಿಯೊಸೊ ಒಳಗಿನಿಂದ ನುಗ್ಗಿ ಗೆದ್ದರು. ತಾನು ಸಂದೇಶವನ್ನು ನೋಡಲೇ ಇಲ್ಲವೆಂದು ಲೊರೆನ್ಸೊ ಹೇಳಿದರು. ಮುಂದಿನ ವೇಲೆನ್ಸಿಯಾ ಓಟದಲ್ಲಿ ಅದೇ ಸಂದೇಶ ಮತ್ತೆ ಮತ್ತೆ ಬಂದರೂ ಅವರು ದಾರಿ ಬಿಡಲಿಲ್ಲ, ಕೊನೆಗೆ ಇಬ್ಬರೂ ಬಿದ್ದರು.

ಫಾರ್ಮುಲಾ ಒನ್‌ನಲ್ಲಿ 2013ರ ಮಲೇಷ್ಯಾದ "ಮಲ್ಟಿ 21" ಇದೇ ಜಾತಿಯದು: ರೆಡ್ ಬುಲ್ ತಂಡದ ಎರಡನೇ ನಂಬರಿನ ಕಾರಿನ ವೆಬರ್ ಮೊದಲು, ಒಂದನೇ ನಂಬರಿನ ಕಾರಿನ ವೆಟಲ್ ಆಮೇಲೆ. ವೆಟಲ್ ಅದನ್ನು ಮೀರಿ ಗೆಲ್ಲದೇ ಇದ್ದಿದ್ದರೆ, ಪೋಡಿಯಂಗೆ ಹೋಗುವ ಮುನ್ನ ವೆಬರ್ ಆ ಪದವನ್ನು ಕೋಪದಲ್ಲಿ ಅವರ ಮುಖಕ್ಕೇ ಹೇಳದೇ ಇದ್ದಿದ್ದರೆ, ಅದರ ಅರ್ಥ ನಮಗೆ ಇಂದಿಗೂ ತಿಳಿಯುತ್ತಿರಲಿಲ್ಲ. ಸಂಕೇತ ಬಯಲಾಗುವುದು ಪಾಲಿಸದೇ ಇದ್ದಾಗ. ಪಾಲಿಸಿದ ಸಂಕೇತಗಳು ಎಷ್ಟು ಕಳೆದುಹೋಗಿವೆಯೋ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಹಳದಿ ಬಾವುಟ:

ಎರಡು ಚಕ್ರ ಅವರ ಮಾತಿಗೆ ಒಂದು ಪೂರಕ ಸಂಗತಿ, ಅದು ಪಿಟ್‌ಗೋಡೆಯವರ ಅಳತೆಗೋಲಿಗೂ ಸಂಬಂಧಿಸಿದೆ. ಅಮೆರಿಕದ ನ್ಯಾಸ್ಕಾರ್ ಕಾರು ಓಟಗಳಲ್ಲಿ ತಂಡಗಳ ರೇಡಿಯೊವನ್ನು ಮೈದಾನದಲ್ಲಿರುವ ಯಾರು ಬೇಕಾದರೂ ಸ್ಕ್ಯಾನರ್ ಹಿಡಿದು ಕೇಳಬಹುದು. 2013ರ ಸೆಪ್ಟೆಂಬರಿನಲ್ಲಿ ರಿಚ್‌ಮಂಡ್‌ನಲ್ಲಿ, ಏಳು ಸುತ್ತು ಬಾಕಿ ಇರುವಾಗ, ಮೈಕೆಲ್ ವಾಲ್ಟ್ರಿಪ್ ತಂಡದ ಕ್ಲಿಂಟ್ ಬೋಯರ್ ಕಾರು ಸುತ್ತಿ ನಿಂತಿತು. ಅದರಿಂದ ಹುಟ್ಟಿದ ಗೊಂದಲದಲ್ಲಿ, ಗೆಲುವಿನ ಹಾದಿಯಲ್ಲಿದ್ದ ರಯಾನ್ ನ್ಯೂಮನ್ ಹಿಂದೆ ಬಿದ್ದು, ಅದೇ ತಂಡದ ಮಾರ್ಟಿನ್ ಟ್ರೂಎಕ್ಸ್‌ಗೆ ವರ್ಷದ ಪಟ್ಟ ನಿರ್ಧರಿಸುವ ಕೊನೆಯ ಹಂತದ ಓಟಗಳಲ್ಲಿ ಸ್ಥಾನ ಸಿಕ್ಕಿತು. ತಂಡಕ್ಕೆ ಮೂರು ಲಕ್ಷ ಡಾಲರ್ ದಂಡ ಬಿತ್ತು, ಟ್ರೂಎಕ್ಸ್ ಹೊರಬಿದ್ದು ನ್ಯೂಮನ್ ಒಳಬಂದರು. ಆದರೆ ಬೋಯರ್ ಬೇಕೆಂದೇ ಸುತ್ತಿದರೆಂದು ಸಾಬೀತುಪಡಿಸಲು ನ್ಯಾಸ್ಕಾರ್‌ಗೆ ಆಗಲಿಲ್ಲ. ಸಾಕ್ಷ್ಯವಾಗಿ ನಿಂತದ್ದು ಅದೇ ತಂಡದ ಇನ್ನೊಬ್ಬ ಚಾಲಕ ಬ್ರಯಾನ್ ವಿಕರ್ಸ್‌ಗೆ ಕಾರಣವಿಲ್ಲದೆ ಪಿಟ್‌ಗೆ ಬರಲು ಹೇಳಿದ ರೇಡಿಯೊ ಮಾತು. ತಾನು ಈಗಲೇ ಪಿಟ್‌ಗೆ ಬರಬೇಕೇ ಎಂದು ವಿಕರ್ಸ್ ಅಚ್ಚರಿಯಿಂದ ಕೇಳಿದ್ದೂ ಅದರಲ್ಲಿತ್ತು.

ಲಕ್ಷಾಂತರ ಜನ ನೋಡಿದ ಕಾರಿನ ಚಲನೆ ಸಾಕ್ಷ್ಯವಾಗಲಿಲ್ಲ, ಒಂದು ಸಂಭಾಷಣೆ ಆಯಿತು. ಹಾಗಾಗಿ ಪಿಟ್‌ಗೋಡೆಯವರ ಪ್ರಶ್ನೆ ಅನುಮಾನ ಪಡುವುದಕ್ಕೆ ಸರಿ, ತೀರ್ಪು ಕೊಡುವುದಕ್ಕೆ ಸಾಲದು. ವಿಚಿತ್ರವಾಗಿ ಕಾಣುವ ತೀರ್ಮಾನಗಳನ್ನು ತಂಡಗಳು ಶುದ್ಧ ದಡ್ಡತನದಿಂದಲೂ ಮಾಡುತ್ತವೆ.

ಕೊನೆಯ ತಿರುವು:

ಹಾಗಾದರೆ 2024ರ ಸಿಂಗಪುರವನ್ನು ಯಾವ ಗುಂಪಿಗೆ ಸೇರಿಸುವುದು? ಅದನ್ನು ನಾನು ನೇರಪ್ರಸಾರದಲ್ಲಿ ನೋಡಿದ್ದೆ, ಇಂದಿಗೂ ಸಮಾಧಾನವಾಗಿಲ್ಲ. ಮೆಕ್‌ಲಾರೆನ್‌ನ ನಾರಿಸ್ ಭಾರೀ ಅಂತರದಲ್ಲಿ ಗೆಲ್ಲುತ್ತಿದ್ದರು, ಅತಿವೇಗದ ಸುತ್ತಿನ ಒಂದು ಹೆಚ್ಚುವರಿ ಅಂಕವೂ ಅವರ ಕೈಯಲ್ಲಿತ್ತು. ಕೊನೆಯಲ್ಲಿ, ಹಿಂದೆಲ್ಲೋ ಇದ್ದ ಆರ್‌ಬಿ ತಂಡದ ರಿಕಿಯಾರ್ಡೊ ಹೊಸ ಮೃದು ಟೈರು ಹಾಕಿಸಿಕೊಂಡು ಅತಿವೇಗದ ಸುತ್ತನ್ನು ಕಸಿದರು. ಮೊದಲ ಹತ್ತರಲ್ಲಿ ಇಲ್ಲದ ಅವರಿಗೆ ಆ ಅಂಕ ಸಿಗುವಂತಿರಲಿಲ್ಲ. ಲಾಭವಾದದ್ದು ಪಟ್ಟಕ್ಕಾಗಿ ನಾರಿಸ್ ಜೊತೆ ಹೋರಾಡುತ್ತಿದ್ದ ರೆಡ್ ಬುಲ್‌ನ ವರ್ಸ್ಟಪ್ಪನ್‌ಗೆ, ಮತ್ತು ಆರ್‌ಬಿ ಹಾಗೂ ರೆಡ್ ಬುಲ್ ಎರಡಕ್ಕೂ ಮಾಲೀಕರು ಒಬ್ಬರೇ. ರಿಕಿಯಾರ್ಡೊ ಅವರ ಕೊನೆಯ ಓಟ ಅದಾಗಬಹುದಿತ್ತು, ಅವರಿಗೊಂದು ಒಳ್ಳೆಯ ನೆನಪು ಕೊಡಲು ಹಾಗೆ ಮಾಡಿದೆವೆಂದು ತಂಡ ಹೇಳಿತು. ಅದು ನಿಜವಾಗಿಯೂ ಅವರ ಕೊನೆಯ ಓಟವೇ ಆಯಿತು.

ಪಿಟ್‌ಗೋಡೆ:

ಒಳ್ಳೆಯ ಪ್ರಶ್ನೆ, ಮತ್ತು ನನ್ನ ಅಳತೆಗೋಲು ಅಲ್ಲಿ ಸುಲಭವಾಗಿ ಕೆಲಸ ಮಾಡುವುದಿಲ್ಲ. ಒಂದೇ ತಂಡದೊಳಗಿನ ಆದೇಶಕ್ಕೆ ಅನುಮತಿ ಇದೆ, ಎರಡು ಬೇರೆ ಬೇರೆ ತಂಡಗಳು ಒಬ್ಬ ಚಾಲಕನಿಗಾಗಿ ಕೂಡಿ ಕೆಲಸ ಮಾಡುವುದು ಬೇರೆಯೇ ವಿಷಯ. ಎಲ್ಲ ತಂಡಗಳೂ ಸ್ವತಂತ್ರವಾಗಿ ಓಡುತ್ತಿವೆ ಎಂಬ ನಂಬಿಕೆಯ ಮೇಲೆ ಸ್ಪರ್ಧೆ ನಿಂತಿದೆ. ತಂಡ ಕೊಟ್ಟ ಕಾರಣ ಮನುಷ್ಯಸಹಜವಾದದ್ದು, ನಿಜವೂ ಆಗಿರಬಹುದು. ಆ ವರ್ಷ ವರ್ಸ್ಟಪ್ಪನ್ 63 ಅಂಕಗಳ ಅಂತರದಿಂದ ಚಾಂಪಿಯನ್ ಆದ್ದರಿಂದ ಆ ಒಂದು ಅಂಕಕ್ಕೆ ಬೆಲೆ ಬರಲಿಲ್ಲ, ಮತ್ತು 2025ರಿಂದ ಅತಿವೇಗದ ಸುತ್ತಿನ ಅಂಕವನ್ನೇ ಕೈಬಿಡಲಾಯಿತು. ಆದರೆ ಅಂಕ ಹೋಯಿತೇ ಹೊರತು ಜೋಡಿ ಒಡೆತನ ಹಾಗೆಯೇ ಉಳಿದಿದೆ. ಮುಂದೊಂದು ದಿನ ಸಣ್ಣ ತಂಡದ ಕಾರು ಎದುರಾಳಿಯನ್ನು ಎರಡು ಸುತ್ತು ತಡೆದು ನಿಲ್ಲಿಸಿದರೆ, ಅದು ಸ್ವಂತ ಸ್ಥಾನಕ್ಕಾಗಿ ಮಾಡಿದ ಹೋರಾಟವೋ ಅಲ್ಲವೋ ಎಂದು ಹೇಳುವವರು ಯಾರು?

ಒಡೆತನದ ಪ್ರಶ್ನೆಯನ್ನು ಬಿಟ್ಟು ನೋಡಿದರೆ, ಬಹಿರಂಗ ಆದೇಶಕ್ಕೆ ನಾವು ಹೆದರಬೇಕಿಲ್ಲ ಎಂಬುದಕ್ಕೆ ಮೆಕ್‌ಲಾರೆನ್‌ನ ಈಚಿನ ನಡವಳಿಕೆ ಸಾಕ್ಷಿ. 2025ರ ಮೋಂಜಾದಲ್ಲಿ ನಾರಿಸ್‌ರ ಪಿಟ್ ನಿಧಾನವಾಗಿ ಜೊತೆಗಾರ ಪಿಯಾಸ್ಟ್ರಿ ಮುಂದಾದರು. ನಿಧಾನವಾದ ಪಿಟ್ ಓಟದ ಭಾಗವೆಂದು ಮೊದಲೇ ಒಪ್ಪಿದ್ದೆವಲ್ಲ ಎಂದು ಪಿಯಾಸ್ಟ್ರಿ ರೇಡಿಯೊದಲ್ಲೇ ಆಕ್ಷೇಪಿಸಿದರು, ಆಮೇಲೆ ಎರಡನೇ ಸ್ಥಾನವನ್ನು ಬಿಟ್ಟುಕೊಟ್ಟರು. ವರ್ಷದ ಕೊನೆಗೆ ನಾರಿಸ್ 423, ವರ್ಸ್ಟಪ್ಪನ್ 421. ಮೋಂಜಾದ ಆ ಅದಲುಬದಲಿನ ಬೆಲೆ ಮೂರು ಅಂಕ. ಉಳಿದೆಲ್ಲವೂ ಹಾಗೆಯೇ ನಡೆದಿದ್ದರೆ ಪಟ್ಟ ಬೇರೆಯವರದಾಗುತ್ತಿತ್ತು. ಆ ತೀರ್ಮಾನ ನನಗೆ ಇಷ್ಟವಾಗಲಿಲ್ಲ. ಆದರೂ ಅದನ್ನು ಮೋಸವೆನ್ನಲಾರೆ, ಏಕೆಂದರೆ ಯಾರು ಕೇಳಿದರು, ಯಾರು ಒಪ್ಪಲಿಲ್ಲ, ಯಾರು ಬಿಟ್ಟುಕೊಟ್ಟರು ಎಂಬುದೆಲ್ಲ ಎಲ್ಲರ ಕಿವಿಗೂ ಬಿದ್ದಿದೆ; ನಾವು ಅದರ ಬಗ್ಗೆ ವಾದ ಮಾಡಬಲ್ಲೆವು.

ಹಳದಿ ಬಾವುಟ ಅವರು ಹೇಳಿದ ರಿಚ್‌ಮಂಡ್ ಪ್ರಕರಣದಿಂದ ನನಗೆ ಸಿಗುವ ಪರಿಹಾರವೂ ಇದೇ ದಾರಿಯದು. ಪಿಟ್ ಗೋಡೆಯ ಇಂಟರ್‌ಕಾಮನ್ನು ಜಗತ್ತಿಗೆ ಕೇಳಿಸಬೇಕೆಂದು ನಾನು ಕೇಳುವುದಿಲ್ಲ. ಎದುರಾಳಿಗಳಿಗೆ ತಂತ್ರ ಬಯಲಾಗುತ್ತದೆಂಬ ತಂಡಗಳ ಅಳಲು ನ್ಯಾಯವಾದದ್ದೇ. ಆದರೆ ಅದರ ಧ್ವನಿಮುದ್ರಣವನ್ನು ಓಟ ಮುಗಿದ ಕೂಡಲೇ ಸ್ಟೀವರ್ಡ್‌ಗಳಿಗೆ ಒಪ್ಪಿಸಬೇಕು. ಒಂದೇ ಮಾಲೀಕರ ಎರಡು ತಂಡಗಳಿದ್ದರೆ ಎರಡರದ್ದನ್ನೂ ಒಪ್ಪಿಸಬೇಕು, ದೂರು ಬಂದಾಗ ಅದನ್ನು ಕೇಳಿ ಕಾರಣಸಹಿತ ಉತ್ತರ ಪ್ರಕಟಿಸಬೇಕು.

ಹಳದಿ ಬಾವುಟ:

ಇದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಕೊರತೆ ಮಾತ್ರ ಉಳಿಯುತ್ತದೆ: ಮುಖ್ಯ ಮಾತುಗಳು ಇಂಟರ್‌ಕಾಮಿನಿಂದ ಭಾನುವಾರ ಬೆಳಗಿನ ಸಭೆಗೆ ಸರಿದುಬಿಡುತ್ತವೆ. 1998ರ ಆಸ್ಟ್ರೇಲಿಯಾದಲ್ಲಿ, ಮೊದಲ ತಿರುವನ್ನು ಮೊದಲು ತಲುಪಿದವರೇ ಗೆಲ್ಲಬೇಕೆಂದು ಮೆಕ್‌ಲಾರೆನ್‌ನ ಹಾಕಿನೆನ್ ಮತ್ತು ಕೂಲ್ಟಾರ್ಡ್ ಓಟಕ್ಕೆ ಮುಂಚೆಯೇ ಮಾತಾಡಿಕೊಂಡಿದ್ದರು. ಹಾಕಿನೆನ್ ತಪ್ಪಿ ಪಿಟ್‌ಗೆ ಬಂದು ಹಿಂದೆ ಬಿದ್ದಾಗ, ಕೂಲ್ಟಾರ್ಡ್ ನೇರದಲ್ಲಿ ನಿಧಾನಿಸಿ ದಾರಿ ಬಿಟ್ಟರು. ಹಾಕಿನೆನ್ ಹಾಗೆ ತಪ್ಪಿ ಒಳಗೆ ಬರದೇ ಇದ್ದಿದ್ದರೆ ಆ ಒಪ್ಪಂದದ ಸುಳಿವು ಟ್ರ್ಯಾಕಿನ ಮೇಲೆ ಎಲ್ಲಿಯೂ ಕಾಣಿಸುತ್ತಿರಲಿಲ್ಲ, ಯಾವ ಧ್ವನಿಮುದ್ರಣದಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಓಟಕ್ಕೆ ಮುಂಚಿನ ಒಪ್ಪಂದಗಳನ್ನೂ ಬರಹದಲ್ಲಿ ಸ್ಟೀವರ್ಡ್‌ಗಳ ಬಳಿ ಇಡಬೇಕೆಂಬ ಷರತ್ತನ್ನು ನಿಮ್ಮ ಪಟ್ಟಿಗೆ ಸೇರಿಸಿ. ಇಟ್ಟಿರದ ಒಪ್ಪಂದದ ಪ್ರಕಾರ ಯಾರಾದರೂ ದಾರಿ ಬಿಟ್ಟರೆ ಆ ಸ್ಥಾನವನ್ನು ರದ್ದು ಮಾಡಬೇಕು. ದಂಡವೆಂದರೆ ಈ ತಂಡಗಳಿಗೆ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಅಷ್ಟೆ.